ದಾಖಲಾತಿ ಪುಸ್ತಕದ ಹನ್ನೊಂದನೇ ನಂಬರು

"ಉಪಾಧ್ಯಾಯಿನಿಯವರು ಕೆಲಸದಲ್ಲಿ ಚುರುಕು, ಮಕ್ಕಳಲ್ಲಿ ಅಕ್ಕರೆ ಉಳ್ಳವರು, ಆದರೆ ಹಟಮಾರಿ." ನನ್ನ ಶಾಲೆಯ ಮೊದಲ ತನಿಖೆಯ ವರದಿಯಲ್ಲಿ ಇನ್ಸ್‌ಪೆಕ್ಟರು ಹೀಗೆ ಬರೆದರು. ಬರೆದದ್ದನ್ನು ನನ್ನೆದುರೇ ಓದಿ ಹೇಳಿದರು, ನಾನು ತಲೆ ತಗ್ಗಿಸಲಿ ಎಂದು. ನಾನು ತಗ್ಗಿಸಲಿಲ್ಲ. ಅವರು ಹೇಳಿದ್ದೆಲ್ಲ ನಿಜವೇ ಆಗಿತ್ತು, ತಲೆ ತಗ್ಗಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಶಾಲೆ ಇದ್ದದ್ದು ಜಾವಗಲ್ಲಿನಿಂದ ಎರಡು ಮೈಲಿ ಒಳಗಿನ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರ ಹೆಸರುಗಳನ್ನೂ ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ, ಅವರ ಪಾಡಿಗೆ ಅವರಿರಲಿ. ಎರಡನೆಯ ದೊಡ್ಡ ಯುದ್ಧ ಶುರುವಾಗಲು ಆಗ ಇನ್ನೂ ಕೆಲವು ವರ್ಷ ಇತ್ತು. ನನ್ನ ಗಂಡ ಅರಸೀಕೆರೆ ಜಂಕ್ಷನ್ನಿನಲ್ಲಿ ಗೂಡ್ಸ್ ಗುಮಾಸ್ತರು. ನಾನು ಟ್ರೈನಿಂಗ್ ಮುಗಿಸಿ ಈ ಊರಿಗೆ ಬಂದೆ. ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಅರಸೀಕೆರೆ, ಸೋಮವಾರ ಬೆಳಿಗ್ಗೆ ಮತ್ತೆ ಬಸ್ಸಿನಲ್ಲಿ ಜಾವಗಲ್ಲು, ಅಲ್ಲಿಂದ ಕಾಲ್ನಡಿಗೆ. "ಕಟ್ಟಿಕೊಂಡ ಗಂಡನನ್ನು ಬಿಟ್ಟು ಕಂಡವರ ಮಕ್ಕಳ ಸಿಂಬಳ ಒರೆಸಲು ಹೋಗುತ್ತಾಳೆ" ಎಂದು ರೈಲ್ವೆ ಮನೆಗಳ ಹೆಂಗಸರು ಮೂಗು ಮುರಿಯುತ್ತಿದ್ದರು. ಹೌದು, ಒರೆಸುತ್ತಿದ್ದೆ. ಐದು ವರ್ಷದ ಮಕ್ಕಳ ಶಾಲೆಯಲ್ಲಿ ಅರ್ಧ ಕೆಲಸ ಅದೇ.

ಚಾವಡಿಯ ಪಕ್ಕದ ಒಂದು ಕೋಣೆ, ಅದರ ಮುಂದೊಂದು ಜಗಲಿ. ಅಷ್ಟೇ ಶಾಲೆ. ನೆಲಕ್ಕೆ ತೆಂಗಿನ ಗರಿಯ ಚಾಪೆ, ಎಣಿಸಲು ಹುಣಸೆಬೀಜ, ಬರೆಯಲು ಹಳ್ಳದಿಂದ ತಂದ ಮರಳು. ಸ್ಲೇಟು ಕೈಗೆ ಕೊಡುವ ಮೊದಲು ಮಗುವನ್ನು ಮಡಿಲಿಗೆ ಒರಗಿಸಿ ಕೂರಿಸಿಕೊಂಡು, ಅದರ ತೋರುಬೆರಳನ್ನು ನನ್ನ ಬೆರಳುಗಳಲ್ಲಿ ಹಿಡಿದು, ಮರಳಿನ ಮೇಲೆ ಅಕ್ಷರ ತಿದ್ದಿಸಬೇಕು. ಇಪ್ಪತ್ತು ಸಲ, ಮೂವತ್ತು ಸಲ. ಬೆರಳು ಹಿಡಿಯದೆ ಆ ವಯಸ್ಸಿನ ಮಗುವಿಗೆ ಅಕ್ಷರ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಜಗಳವೆಲ್ಲ ಇದರಿಂದಲೇ ಆದದ್ದು.

ಶಾಲೆಯನ್ನು ಅರ್ಜಿ ಹಾಕಿ ತರಿಸಿದವರು ಊರಿನ ಪಟೇಲರು. ಅವರಿಗೆ ಒಬ್ಬನೇ ಮೊಮ್ಮಗ. ಅವನು ಜಾವಗಲ್ಲಿನವರೆಗೆ ನಡೆದು ಹೋಗಬಾರದು ಎಂಬುದಷ್ಟೇ ಅವರ ಆಸೆ. ಸರ್ಕಾರದವರು ಒಂದು ವರ್ಷ ನಡೆಸಿ ನೋಡೋಣ, ತನಿಖೆಯಾದ ಮೇಲೆ ಕಾಯಂ ಮಾಡೋಣ ಎಂದಿದ್ದರು.

ದಾಖಲಾತಿಯ ದಿನ ನಾನು ದೊಡ್ಡ ಪುಸ್ತಕ ಬಿಡಿಸಿಕೊಂಡು ಕುಳಿತೆ. ಮಗುವಿನ ಹೆಸರು, ತಂದೆ ತಾಯಿ ಅಥವಾ ಪೋಷಕರ ಹೆಸರು, ವಯಸ್ಸು, ಜಾತಿ, ಸಿಡುಬು ಬಾರದಂತೆ ದಾಕು ಹಾಕಿಸಿದೆಯೇ ಇಲ್ಲವೇ. ವಯಸ್ಸು ಯಾರಿಗೂ ಗೊತ್ತಿಲ್ಲ. "ನಮ್ಮ ಕೆಂದ ಹಸ ಈದಿತ್ತಲ್ಲ, ಅದ್ರ ಮುಂದಿನ್ ತಿಂಗ್ಳು" ಎಂದು ಒಬ್ಬಳು ಹೇಳಿದಳು. ಹಸು ಯಾವಾಗ ಈದಿತ್ತು ಎಂದರೆ, "ಇವ್ನು ಹುಟ್ಟೋಕ್ ಮುಂಚೆ" ಎಂದಳು. ಕೈಯನ್ನು ತಲೆಯ ಮೇಲಿಂದ ತಂದು ಆಚೆ ಕಿವಿ ಮುಟ್ಟಿಸಿ ನೋಡಿ, ಮುಟ್ಟಿದರೆ ಐದು ತುಂಬಿದೆ ಎಂದು ಬರೆದುಕೊಂಡೆ. ಬರೆದ ಮೇಲೆ ಅಳಿಸುವ ಹಾಗಿಲ್ಲ, ಯೋಚಿಸಿ ಹೇಳಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ.

ಹನ್ನೊಂದನೆಯ ಮಗು ಪಟೇಲರ ಮೊಮ್ಮಗ. ಕರೆತಂದವರು ಪಟೇಲರ ಸೊಸೆ. ಅವರ ಗಂಡ ಕೊಬ್ಬರಿ ವ್ಯಾಪಾರ ಎಂದು ಅರಸೀಕೆರೆಯಲ್ಲೇ ಹೆಚ್ಚು ಇರುತ್ತಿದ್ದರು. ಹುಡುಗನಿಗೆ ಹೆಣ್ಣುಮಗುವಿಗೆ ಚುಚ್ಚಿಸುವಂತೆ ಮೂಗು ಚುಚ್ಚಿಸಿ ಹರಳು ಹಾಕಿದ್ದರು. ಕಂಡ ಕೂಡಲೇ ನನಗೆ ಅರ್ಥವಾಯಿತು, ಇವನಿಗಿಂತ ಮೊದಲು ಹುಟ್ಟಿ ತೀರಿಹೋದ ಮಕ್ಕಳಿದ್ದಾರೆ ಎಂದು.

"ತಂದೆ ತಾಯಿ ಹೆಸರು?" ಎಂದೆ.

ಆಕೆ ಹಿಂದೆ ತಿರುಗಿ ಯಾರೂ ಇಲ್ಲವೆಂದು ನೋಡಿಕೊಂಡು, ಪುಸ್ತಕದ ಮೇಲೆ ಬಾಗಿ ಒಂದು ಹೆಸರು ಹೇಳಿದರು. ಅದು ಅವರ ಹೆಸರಲ್ಲ, ಅವರ ಮನೆಯ ಕೊಟ್ಟಿಗೆ ಬಾಚಲು ಬರುತ್ತಿದ್ದ ಕೇರಿಯ ಹೆಂಗಸಿನ ಹೆಸರು. ಕೇರಿ ಎಂದರೆ ಊರಿನಾಚೆ, ಊರಿನವರು ನೆರಳು ಸೋಕಿದರೂ ಮೈಲಿಗೆ ಎನ್ನುತ್ತಿದ್ದ ಜನರ ಮನೆಗಳು.

"ಇದೇನು ಗೌಡ್ತಮ್ಮ?" ಎಂದೆ.

"ನಂಗೆ ಮೂರು ಹುಟ್ಟಿ ಮೂರೂ ಹೋದ್ವು ಮೇಷ್ಟ್ರಮ್ಮ. ಇವ್ನು ಹುಟ್ಟಿದ್ ದಿವ್ಸ ಮೊರದಲ್ಲಿ ಮಲಗ್ಸಿ ತಿಪ್ಪೆ ಮೇಲೆ ಬಿಟ್ವಿ. ಅವ್ಳು ಬಂದು ನನ್ ಮಗ ಅಂತ ಎತ್ಕೊಂಡ್ಲು. ಅವ್ಳ ಮಡ್ಲಿಗೆ ತೌಡು ಹುಯ್ದು, ಸಾಕ್ಕೊಡ್ತೀನಿ ಅಂತ ನಾನು ಈಸ್ಕೊಂಡೆ. ಇವ್ನು ಅವ್ಳ ಮಗ. ನನ್ ಹೆಸ್ರು ಬರೀಬ್ಯಾಡಿ. ಬರೆದ್ರೆ ಅಳಿಸಕ್ಕಾಗಲ್ಲ ಅಂತ ನೀವೇ ಅಂತಿದೀರಿ."

ಮಕ್ಕಳು ಉಳಿಯದ ಮನೆಗಳಲ್ಲಿ ಮಗುವನ್ನು ಹೀಗೆ ತಿಪ್ಪೆಯ ಮೇಲೆ ಮಲಗಿಸಿ ಬೇರೆಯವರ ಕೈಯಲ್ಲಿ ಎತ್ತಿಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಇದು ನನ್ನದಲ್ಲ, ಯಾರಿಗೂ ಬೇಡವಾದದ್ದು ಎಂದು ಸಾವಿಗೆ ನಂಬಿಸುವುದು. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೆ ನಾನೂ ಒಂದನ್ನು ಹೆತ್ತು ಹದಿನೇಳನೆಯ ದಿನ ಮಣ್ಣಿಗೆ ಕೊಟ್ಟವಳು. ಆ ತಾಯಿಯ ಮುಖ ನೋಡಿಕೊಂಡು ವಾದ ಮಾಡುವುದು ನನ್ನಿಂದಾಗಲಿಲ್ಲ. ಹೇಳಿದ ಹೆಸರನ್ನೇ ಬರೆದೆ. ಜಾತಿಯ ಕಾಲಮಿಗೆ ಬಂದಾಗ ಲೇಖನಿ ನಿಂತಿತು. ಅಲ್ಲಿ ಏನೂ ಬರೆಯದೆ ಖಾಲಿ ಬಿಟ್ಟೆ. ಅದು ತಪ್ಪು, ಒಪ್ಪುತ್ತೇನೆ.

ಮರುದಿನ ಬೆಳಿಗ್ಗೆ ಆ ಕೇರಿಯ ಹೆಂಗಸೇ ಬಂದಳು. ಜಗಲಿಯಿಂದ ನಾಲ್ಕು ಮಾರು ದೂರ ನಿಂತಳು. ಸೆರಗು ಹಿಡಿದುಕೊಂಡು ಆರು ವರ್ಷದ ಹೆಣ್ಣುಮಗು.

"ಈ ಕೂಸ್ನೂ ಬರ್ಕತೀರಾ ಅವ್ವಾರೆ? ತಮ್ಮ ಓಯ್ತಾನೆ, ನಾನೂ ಓಯ್ತೀನಿ ಅಂತ ರಾತ್ರಿಯಿಂದ ಒಂದೇ ಸಮ."

ಆ ಹುಡುಗಿಗೆ ಪಟೇಲರ ಮೊಮ್ಮಗ ತಮ್ಮನೇ. ಹುಟ್ಟಿದಾಗಿನಿಂದ ಹಾಗೆಂದೇ ಹೇಳಿ ಬೆಳೆಸಿದ್ದರು. ಕೊಟ್ಟಿಗೆಯ ಅಂಗಳದಲ್ಲಿ ಇಬ್ಬರೂ ಒಟ್ಟಿಗೆ ಆಡಿದವರು. ನಾನು ಅವಳ ಹೆಸರನ್ನು ಹನ್ನೆರಡನೆಯದಾಗಿ ಬರೆದು, ಒಳಗೆ ಕರೆದು, ತಮ್ಮನ ಪಕ್ಕದಲ್ಲೇ ಕೂರಿಸಿದೆ.

ನಾನು ದೊಡ್ಡ ಮನಸ್ಸಿನವಳೆಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನಾನು ಹುಟ್ಟಿದ್ದು ಮಡಿಯ ಮನೆಯಲ್ಲಿ. ಅವಳ ಬೆರಳು ಹಿಡಿಯುವಾಗ ಮೊದಲ ದಿನ ನನ್ನ ಕೈಯೂ ಒಂದು ಗಳಿಗೆ ತಡೆಯಿತು. ಆ ಮಗು ಅದನ್ನು ಗಮನಿಸಿತು, ನನ್ನ ಮುಖ ನೋಡಿತು, ಆಮೇಲೆ ತಾನೇ ಬೆರಳನ್ನು ನನ್ನ ಕೈಯೊಳಗೆ ತೂರಿಸಿತು. ನನಗೆ ನಾಚಿಕೆಯಾಯಿತು. ಇನ್ಸ್‌ಪೆಕ್ಟರ ಮುಂದೆ ಆಗದ ನಾಚಿಕೆ ಆ ದಿನ ಆಯಿತು.

ಹತ್ತು ದಿನ ಕಳೆದಿರಬಹುದು. ಪಟೇಲರು ಶಾಲೆ ನೋಡಲು ಬಂದರು. ಬಾಗಿಲಲ್ಲೇ ನಿಂತರು.

"ಮೇಷ್ಟ್ರಮ್ಮ, ಆ ಕೂಸ್ನ ಜಗುಲಿ ಮೇಲೆ ಕೂರ್ಸಿ. ಒಳಗ್ ಬ್ಯಾಡ."

"ಯಾರ ಮಗುವನ್ನೂ ಹೊರಗೆ ಕೂರಿಸಬಾರದು ಅಂತ ಸರ್ಕಾರದ ಹುಕುಂ ಇದೆ ಪಟೇಲರೆ."

"ಸರ್ಕಾರ ಮೈಸೂರ್‌ನಾಗೈತೆ. ಊರು ಇಲ್ಲೈತೆ."

"ಇರೋಳು ನಾನೊಬ್ಬಳು. ಒಳಗೊಂದು ಸಲ ಹೊರಗೊಂದು ಸಲ ಓಡಾಡಿ ಬೆರಳು ಹಿಡಿಯೋಕಾಗಲ್ಲ. ಜಗಲಿನೇ ಆಗಬೇಕು ಅಂದ್ರೆ ಎಲ್ಲರನ್ನೂ ಜಗಲಿಗೇ ಕರ್ಕೊಂಡು ಬರ್ತೀನಿ."

ಅವರು ಕೆಟ್ಟವರಲ್ಲ. ನನಗೆ ಇರಲು ಮನೆ ತೋರಿಸಿದ್ದು, ಹಾಲು ಕಳಿಸುತ್ತಿದ್ದದ್ದು ಅವರೇ. ಅದಕ್ಕೇ ನನಗೆ ಸಿಟ್ಟು ಇನ್ನೂ ಹೆಚ್ಚು ಬಂತು. ಕೆಟ್ಟವರೊಡನೆ ಜಗಳ ಸುಲಭ.

"ಆಯ್ತು. ಇನ್ಸ್‌ಪೆಕ್ಟ್ರು ಬತ್ತಾರಲ್ಲ, ಅವ್ರ ಬಾಯಲ್ಲೇ ಹೇಳಿಸ್ತೀನಿ" ಎಂದು ಹೊರಟುಹೋದರು. ಮೊಮ್ಮಗನನ್ನು ಬಿಡಿಸಲಿಲ್ಲ. ಬಿಡಿಸಿದರೆ ತಾವೇ ತರಿಸಿದ ಶಾಲೆ ತಮ್ಮ ಕೈಯಿಂದಲೇ ಮುಚ್ಚಿದ ಹಾಗಾಗುತ್ತಿತ್ತು. ಬೇರೆ ಕೆಲವರು ಮಕ್ಕಳನ್ನು ಬಿಡಿಸಿದರು. ಚಾಪೆಯ ಆ ತುದಿ ಖಾಲಿಯಾಯಿತು. ಉಳಿದವರ ಮನೆಗಳಲ್ಲೂ ಮಾತು ನಡೆಯುತ್ತಿತ್ತು. ಇನ್ಸ್‌ಪೆಕ್ಟರು ಬಂದು ಒಂದು ಮಾತು ಹೇಳಿದರೆ ಆ ಹುಡುಗಿ ಜಗಲಿಗೆ ಹೋಗುತ್ತಾಳೆ, ಜಗಲಿಗೆ ಹೋದರೆ ಅವಳಿಗೆ ಓದು ಹತ್ತುವುದಿಲ್ಲ, ನಾಲ್ಕು ದಿನಕ್ಕೆ ದನದ ಹಿಂದೆ ಹೋಗುತ್ತಾಳೆ. ಇದು ನನಗೂ ಗೊತ್ತಿತ್ತು, ಪಟೇಲರಿಗೂ ಗೊತ್ತಿತ್ತು, ಅವಳ ತಾಯಿಗೂ ಗೊತ್ತಿತ್ತು. ಗೊತ್ತಿಲ್ಲದವಳು ಅವಳೊಬ್ಬಳೇ. ಅವಳು ಆಗಲೇ "ಳ" ವರೆಗೆ ಬಂದಿದ್ದಳು, ತಮ್ಮನ ಬೆರಳನ್ನು ತಾನೇ ಹಿಡಿದು ನನ್ನ ಹಾಗೆಯೇ ಗದರುತ್ತಿದ್ದಳು.

ತನಿಖೆಯ ದಿನ ಇನ್ಸ್‌ಪೆಕ್ಟರು ಜಾವಗಲ್ಲಿನವರೆಗೆ ಬಸ್ಸಿನಲ್ಲಿ, ಅಲ್ಲಿಂದ ಪಟೇಲರ ಕಮಾನುಗಾಡಿಯಲ್ಲಿ ಬಂದರು. ಮೊದಲು ಪಟೇಲರ ಮನೆಯಲ್ಲಿ ಉಪ್ಪಿಟ್ಟು ಕಾಫಿ ಆಯಿತು. ಶಾಲೆಯ ಕಡೆ ಬರುವಾಗ ಇಬ್ಬರೂ ನಗುತ್ತಾ ಬಂದರು. ಮಾತು ಆಗಲೇ ಮುಗಿದಿದೆ ಎಂದು ನನಗೆ ತಿಳಿಯಿತು.

ಮಕ್ಕಳು ಹಾಡು ಹೇಳಿದರು, ಹುಣಸೆಬೀಜ ಎಣಿಸಿದರು, ಮರಳಿನಲ್ಲಿ ಬರೆದರು. ಇನ್ಸ್‌ಪೆಕ್ಟರಿಗೆ ಸಂತೋಷವೇ ಆಯಿತು. ಮಕ್ಕಳ ಉಗುರು, ತಲೆಗೂದಲು ನೋಡಿದರು. ಕಿಟಕಿ ಇನ್ನೊಂದು ಬೇಕೆಂದರು. ಆಮೇಲೆ ಗಂಟಲು ಸರಿಮಾಡಿಕೊಂಡು ತಗ್ಗಿದ ದನಿಯಲ್ಲಿ, "ನೋಡಿಯಮ್ಮ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಮಗು ಸದ್ಯಕ್ಕೆ ಜಗಲಿ ಮೇಲೆ ಕೂರಲಿ. ಶಾಲೆ ಕಾಯಂ ಆಗಲಿ, ಆಮೇಲೆ ನೋಡೋಣ" ಎಂದರು.

"ಹಾಗಂತ ವರದಿಯಲ್ಲಿ ಬರೆದುಕೊಡಿ ಸಾರ್" ಎಂದೆ.

ಅವರ ಮುಖ ಗಂಟಾಯಿತು. ಹುಕುಮಿಗೆ ವಿರುದ್ಧವಾದದ್ದನ್ನು ಬಾಯಲ್ಲಿ ಹೇಳಬಹುದು, ಬರೆಯುವುದು ಹೇಗೆ? ಮಾತು ಬದಲಿಸಲು ದಾಖಲಾತಿ ಪುಸ್ತಕ ಕೇಳಿದರು. ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತಾ ಬಂದು ಹನ್ನೊಂದರಲ್ಲಿ ನಿಂತರು. ಕೆಳಗೆ ಹನ್ನೆರಡನ್ನು ನೋಡಿದರು. ಮತ್ತೆ ಹನ್ನೊಂದು.

"ಇದೇನಮ್ಮ ಇದು? ಎರಡು ಮಕ್ಕಳಿಗೂ ತಾಯಿ ಒಬ್ಬಳೇ? ಒಂದಕ್ಕೆ ಜಾತಿ ಬರೆದಿದ್ದೀರಿ, ಇನ್ನೊಂದಕ್ಕೆ ಇಲ್ಲ. ಈ ಹನ್ನೊಂದು ಯಾರು?"

"ನನ್ ಮೊಮ್ಮಗ" ಎಂದರು ಪಟೇಲರು ಬಾಗಿಲಿನಿಂದ.

ಇನ್ಸ್‌ಪೆಕ್ಟರು ಪುಸ್ತಕದಲ್ಲಿದ್ದ ಹೆಸರನ್ನು ಗಟ್ಟಿಯಾಗಿ ಓದಿದರು. ಮೊರದಲ್ಲಿ ಮಲಗಿಸಿದ್ದು ಪಟೇಲರಿಗೆ ಗೊತ್ತು, ಅವರೇ ಹೇಳಿ ಮಾಡಿಸಿದ್ದು. ಅದು ಪುಸ್ತಕಕ್ಕೆ ಬಂದದ್ದು ಗೊತ್ತಿರಲಿಲ್ಲ.

"ಸುಳ್ಳು ದಾಖಲೆ. ಈಗಲೇ ಹೊಡೆದು ಹಾಕಿ, ಸರಿ ಹೆಸರು ಬರೆದು, ಕೆಂಪು ಶಾಯಿಯಲ್ಲಿ ಸಹಿ ಮಾಡಿ" ಎಂದು ಇನ್ಸ್‌ಪೆಕ್ಟರು ಲೇಖನಿ ಮುಂದೆ ಹಿಡಿದರು.

ನಾನು ತೆಗೆದುಕೊಳ್ಳಲಿಲ್ಲ. "ತಾಯಿ ಬಂದು ಹೇಳಿದ್ದನ್ನು ಬರೆದಿದ್ದೇನೆ ಸಾರ್. ಅವರೇ ಬಂದು ಬೇರೆ ಹೇಳಲಿ, ತಿದ್ದುತ್ತೇನೆ."

ಪಟೇಲರ ಸೊಸೆಯನ್ನು ಕರೆಸಿದರು. ಆ ಮನೆಯ ಹೆಂಗಸರು ಪರಗಂಡಸರ ಎದುರು ಬರುವವರಲ್ಲ. ಆಕೆ ಸೆರಗು ಮುಂದಕ್ಕೆ ಎಳೆದುಕೊಂಡು ಗೋಡೆಯ ಮೂಲೆಯಲ್ಲಿ ನಿಂತರು. ಕೊಟ್ಟಿಗೆಯ ಕೆಲಸದಲ್ಲಿದ್ದ ಕೇರಿಯ ತಾಯಿಯೂ ಹಿಂದೆಯೇ ಬಂದು ಅಂಗಳದಲ್ಲಿ ನಿಂತಳು. ನೋಡಲು ಊರಿನ ಅರ್ಧ ಜನ ಸೇರಿದರು.

"ಈ ಹುಡುಗ ಯಾರ ಮಗನಮ್ಮ?" ಎಂದು ಇನ್ಸ್‌ಪೆಕ್ಟರು ಕೇಳಿದರು.

ಪಟೇಲರೇ ಬಾಯಿ ಹಾಕಿದರು. "ಅದು ಶಾಸ್ತ್ರಕ್ಕೆ ಮಾಡಿದ್ದು ಸ್ವಾಮಿ, ಅದ್ನೆಲ್ಲ ಪುಸ್ತಕ್ಕೆ ಯಾಕ್ ತರ್ತೀರಿ."

"ಆ ಶಾಸ್ತ್ರ ಸುಳ್ಳು ಅಂತ ಒಂದು ಮಾತು ಹೇಳಿ ಪಟೇಲರೆ. ಈಗಲೇ ಹೊಡೆದು ಹಾಕ್ತೀನಿ" ಎಂದೆ.

ಅದು ಒಳ್ಳೆಯ ಮಾತಲ್ಲ. ಮೂರು ಮೊಮ್ಮಕ್ಕಳನ್ನು ಕಳೆದುಕೊಂಡ ಮುದುಕರ ಭಯವನ್ನು ಹಿಡಿದು ತಿರುಚಿದೆ. ತಿರುಚುತ್ತಿದ್ದೇನೆ ಎಂದು ಗೊತ್ತಿದ್ದೇ ತಿರುಚಿದೆ. ಈ ವಯಸ್ಸಿನಲ್ಲಿ ನೆನೆದರೂ ನನಗೆ ಪಶ್ಚಾತ್ತಾಪವಿಲ್ಲ. ಪಟೇಲರು ಬಿಸಿತುಪ್ಪ ಬಾಯಲ್ಲಿದ್ದವರ ಹಾಗೆ ನಿಂತರು.

ಆಗ ಸೊಸೆ ಹೇಳಿದರು, ಮಾವನ ಮುಂದೆ ಎಂದೂ ಎತ್ತದ ದನಿಯಲ್ಲಿ. "ಅವಳ್ದೇ ಸ್ವಾಮಿ. ನಾನು ಸಾಕ್ಕೊಡ್ತಾ ಇವ್ನಿ."

ಇನ್ಸ್‌ಪೆಕ್ಟರು ಅಂಗಳದ ಕಡೆ ತಿರುಗಿದರು. "ಏನಮ್ಮ, ನಿನ್ನ ಮಗನೇ?"

"ಹೂಂ ಬುದ್ಧಿ. ತಿಪ್ಪೆ ಮೇಲಿಂದ ಎತ್ಕಂಡೋಳು ನಾನು. ತೌಡು ಈಸ್ಕಂಡು ಕೊಟ್ಟಿವ್ನಿ, ಸಾಕಿ ಅಂತ." ಅಷ್ಟೇ ಎಂದುಕೊಂಡೆವು. ಆಕೆ ಎರಡು ಹೆಜ್ಜೆ ಮುಂದೆ ಬಂದಳು. ಅಷ್ಟು ಹತ್ತಿರ ಆಕೆ ಎಂದೂ ಬಂದವಳಲ್ಲ. "ಇನ್ನೊಂದ್ ಮಾತೈತೆ ಬುದ್ಧಿ. ಒಂದ್ ಕೂಸು ಒಳಗೆ, ಒಂದ್ ಕೂಸು ವರಗೆ ಅಂದ್ರೆ ತಾಯಾದೋಳು ನಾನು ಯಾವ್ ಕಡೀಕ್ ನಿಂತ್ಕಳ್ಲಿ? ಕೂತ್ರೆ ಇಬ್ರೂ ಒಳಗೆ ಕೂತ್ಕಳ್ಲಿ. ಇಲ್ಲಾಂದ್ರೆ ನನ್ ಮಕ್ಳ್ನ ನಾನು ಕರ್ಕಂಡೋಯ್ತೀನಿ. ಇಬ್ರುನೂವೆ."

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಕೊಟ್ಟದ್ದನ್ನು ವಾಪಸು ಕೇಳುವ ಹಕ್ಕು ಆಕೆಗಿತ್ತು, ಪದ್ಧತಿಯ ಪ್ರಕಾರವೇ ಇತ್ತು. ಆಕೆ ಕೇಳಬಹುದೆಂದು ಆ ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ ಅಷ್ಟೆ. ಪಟೇಲರ ಸೊಸೆ ಗೋಡೆ ಹಿಡಿದುಕೊಂಡರು. ಒಳಗೆ ಚಾಪೆಯ ಮೇಲೆ ಆ ಹುಡುಗಿ, ಹೊರಗೆ ತನ್ನದೇ ಮಾತು ನಡೆಯುತ್ತಿದೆ ಎಂದು ತಿಳಿಯದೆ, ತಮ್ಮನ ಕೈಯಿಂದ ಹುಣಸೆಬೀಜ ಕಿತ್ತುಕೊಳ್ಳುತ್ತಿದ್ದಳು.

ಪಟೇಲರು ಮೊಮ್ಮಗನನ್ನು ನೋಡಿದರು. "ಕೂತ್ಕಳ್ಲಿ ಬಿಡಿ ಸ್ವಾಮಿ" ಎಂದರು. ಅಷ್ಟು ಹೇಳಿ ಮನೆಗೆ ಹೋದರು.

ಇನ್ಸ್‌ಪೆಕ್ಟರು ಜಗಲಿಯ ಮೇಲೆ ಕುಳಿತು ವರದಿ ಬರೆದರು. ಮಕ್ಕಳ ಪ್ರಗತಿ ತೃಪ್ತಿಕರ. ಕೋಣೆಗೆ ಬೆಳಕು ಸಾಲದು. ಹಾಜರಾತಿ ಕಡಿಮೆ. ಹನ್ನೊಂದನೇ ನಂಬರಿನ ಪೋಷಕರ ವಿಷಯ ಸ್ಥಳೀಯ ಪದ್ಧತಿಗೆ ಸೇರಿದ್ದು, ಮುಂದೆ ವಿಚಾರಿಸತಕ್ಕದ್ದು. ಶಾಲೆಯನ್ನು ಮುಂದುವರಿಸಬಹುದು. ನನ್ನ ವಿಷಯದಲ್ಲಿ ಬರೆದದ್ದನ್ನು ಆಗಲೇ ಹೇಳಿದ್ದೇನೆ. ಆ ಹಟಕ್ಕೆ ಎರಡು ವರ್ಷದಲ್ಲಿ ನನ್ನನ್ನು ಕಣಕಟ್ಟೆಯ ಕಡೆಗೆ ವರ್ಗ ಮಾಡಿದರು. ಮುಂದೆ ವಿಚಾರಿಸಲು ಮಾತ್ರ ಯಾರೂ ಬರಲಿಲ್ಲ.

ಗೆದ್ದೆವು ಎಂದು ಹೇಳಿದರೆ ಪೂರ್ತಿ ನಿಜವಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಪಟೇಲರ ಹಿತ್ತಿಲಲ್ಲಿ ಹುಡುಗನಿಗೆ ದಿನಾ ತಲೆಯ ಮೇಲೆ ನೀರು ಹುಯ್ದೇ ಒಳಗೆ ಬಿಡುತ್ತಿದ್ದರು. ಅವನ ಒದ್ದೆ ತಲೆಯನ್ನು ದಾರಿಯಿಂದಲೇ ನೋಡುತ್ತಿದ್ದೆ. ಬಿಟ್ಟುಹೋದ ಮಕ್ಕಳಲ್ಲಿ ಕೆಲವರು ಬಂದೇ ಇಲ್ಲ. ನನ್ನ ದೊಡ್ಡ ಸಿಟ್ಟು ಬೇರೆ ಇದೆ. ಆ ಹುಡುಗಿ ಒಳಗೆ ಕುಳಿತದ್ದು ತನ್ನ ಹಕ್ಕಿನಿಂದಲ್ಲ, ಇನ್ನೊಬ್ಬರ ಮನೆಯ ಗಂಡುಮಗುವಿನ ಪ್ರಾಣಕ್ಕೆ ಹೆದರಿ ಕೂರಿಸಿದರು. ಹುಕುಂ ಇತ್ತು, ಅದನ್ನು ಕಾಗದದಲ್ಲೇ ಮಡಿಸಿ ಇಟ್ಟಿದ್ದರು. ಮೊರಕ್ಕೂ ತೌಡಿಗೂ ಇದ್ದ ಬೆಲೆ ಹುಕುಮಿಗೆ ಇರಲಿಲ್ಲ. ಇದನ್ನು ನಾನು ಯಾರಿಗೂ ಕ್ಷಮಿಸಿಲ್ಲ, ನನ್ನ ಇಲಾಖೆಗಂತೂ ಇಲ್ಲವೇ ಇಲ್ಲ.

ಆದರೆ ಆ ತಾಯಿಗೆ ನನ್ನ ಹಾಗೆ ಕೊರಗಿ ಕೂರಲು ಪುರುಸೊತ್ತಿರಲಿಲ್ಲ. ಮುಂದಿನ ವರ್ಷದ ದಾಖಲಾತಿಯ ದಿನ ಪಟೇಲರು ಜಗಲಿಯ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಆಕೆ ಬಂದಳು. ಹಿಂದೆ ಸಾಲಾಗಿ ನಾಲ್ಕು ಮಕ್ಕಳು, ತಲೆಗೆಲ್ಲ ಎಣ್ಣೆ ಮೆತ್ತಿ ಬಾಚಿದ್ದಳು. ಈ ಸಲ ದೂರದಲ್ಲಿ ನಿಲ್ಲದೆ ನೇರವಾಗಿ ಜಗಲಿಯ ಮೆಟ್ಟಿಲ ಬುಡಕ್ಕೇ ಬಂದಳು.

"ಇವ್ಯಾರ್ ಮಕ್ಳು?" ಎಂದರು ಪಟೇಲರು.

"ಇವ್ರಿಬ್ರು ನಮ್ಮಣ್ಣನ್ ಮಕ್ಳು ಬುದ್ಧಿ. ನನ್ ಮಗನಿಗೆ ಸೋದರಮಾವನ್ ಮಕ್ಳಾಗ್ಬೇಕು. ಇವ್ನು ನನ್ ಮೈದ್ನನ್ ಮಗ, ಅವ್ನಿಗೆ ಚಿಕ್ಕಪ್ಪನ್ ಮಗ. ಈ ಕೂಸು ನಮ್ಮತ್ಗೆ ತಂಗಿ ಮಗ್ಳು, ವಸಿ ದೂರ. ಆದ್ರೂ ನೆಂಟ್ರು ನೆಂಟ್ರೇ ಅಲ್ವಾ."

ಪಟೇಲರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಹಚ್ಚುತ್ತಲೇ ಇದ್ದರು. ಒಳಗಿನಿಂದ ಅಕ್ಕ ತಮ್ಮ ಇಬ್ಬರೂ ಚಾಪೆಯನ್ನು ಬಾಗಿಲ ಕಡೆಗೆ ಎಳೆದು ಜಾಗ ಮಾಡುತ್ತಿದ್ದರು.

ನಾನು ಪುಸ್ತಕ ತೆರೆದು ನಾಲ್ಕು ಹೆಸರುಗಳನ್ನೂ ಕೇಳಿ ಬರೆದೆ. ನೆಂಟಸ್ತಿಕೆ ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ. ರೂಲುದೊಣ್ಣೆ ಇಟ್ಟು, ಪಟೇಲರಿಗೆ ಕಾಣುವ ಹಾಗೆ, ಹೊಸ ಕಾಲಮಿಗೆ ನಾನೇ ಒಂದು ಗೆರೆ ಎಳೆದೆ.